ಖಾಲಿ ಮನೆ, ಒದ್ದೆ ಗೋಡೆ, ಅವಸರದ ತಮ್ಮ

ಪ್ರಶ್ನೆ: ಅಮ್ಮ ಹೋಗಿ ಒಂದೂವರೆ ವರ್ಷವಾಯಿತು. ಅಂದಿನಿಂದ ಮನೆಗೆ ಬೀಗ. ನಾನು, ತಮ್ಮ ಇಬ್ಬರೂ ಬೇರೆ ಊರಲ್ಲಿದ್ದೇವೆ, ಮಾರೋಣ ಅಂತ ಒಪ್ಪಿಕೊಂಡಿದ್ದೇವೆ. ಆದರೆ ಖಾಲಿ ಮಾಡಲು ಹೋದಾಗಲೆಲ್ಲ ನಾನು ಅಮ್ಮನ ಬೀರು ತೆಗೆದು, ಅದರ ಮುಂದೆ ಕೂತು ಅತ್ತು ವಾಪಸ್ ಬರುತ್ತೇನೆ. ತಮ್ಮನಿಗೆ ಸಾಕಾಗಿದೆ. ಹಿಂದಿನ ಕೋಣೆಯ ಗೋಡೆ ಒದ್ದೆಯಾಗಿ ಉಬ್ಬಿದೆ. ಅದರ ಮೇಲೆ ಪೇಂಟ್ ಹೊಡೆಸಿ, ಸಾಮಾನೆಲ್ಲ ಗುಜರಿಗೆ ಹಾಕಿ, ತಿಂಗಳೊಳಗೆ ಮಾರಿಬಿಡೋಣ ಅನ್ನುತ್ತಾನೆ. ಬೇಡ ಅಂದರೆ 'ಅಕ್ಕಾ, ನಿನಗೆ ಮಾರೋಕೇ ಇಷ್ಟ ಇಲ್ಲ' ಅನ್ನುತ್ತಾನೆ. ಹೌದಾ?

ಉತ್ತರ: ಸಾಮಾನಿನ ವಿಷಯದಲ್ಲಿ ನಿಮ್ಮ ತಮ್ಮ ಹೇಳೋದರಲ್ಲಿ ಅರ್ಧ ನಿಜ ಇದೆ. ಗೋಡೆಯ ವಿಷಯದಲ್ಲಿ ನೀವು ಪೂರ್ತಿ ಸರಿ. ಎರಡೂ ಒಂದೇ ಜಗಳದಲ್ಲಿ ಕಲಸಿಹೋಗಿವೆ, ಅದಕ್ಕೇ ಯಾವುದೂ ಮುಂದೆ ಹೋಗುತ್ತಿಲ್ಲ.

ಮೊದಲು ಬೀರು. ನೀವು ಪ್ರತಿ ಸಲ ಎಲ್ಲಕ್ಕಿಂತ ಕಷ್ಟದ ಜಾಗದಿಂದಲೇ ಶುರು ಮಾಡುತ್ತಿದ್ದೀರಿ. ಅಳು ಬರದೆ ಇನ್ನೇನು ಬರುತ್ತೆ? ಮುಂದಿನ ಸಲ ಅಮ್ಮನ ಕೋಣೆಗೆ ಹೋಗಲೇಬೇಡಿ. ಹಳೇ ಹಾಸಿಗೆ, ಒಡೆದ ಬಕೆಟ್, ಕೆಟ್ಟ ಫ್ಯಾನ್, ಖಾಲಿ ಡಬ್ಬ, ಯಾರೂ ನೆನಪಿಟ್ಟುಕೊಳ್ಳದ ಇಂಥ ಸಾಮಾನು ಮೊದಲು ಹೊರಗೆ ಹೋಗಲಿ. ಒಂದು ಎಚ್ಚರಿಕೆ: ಗುಜರಿಗೆ ಕೊಡುವ ಮುಂಚೆ ಹಾಸಿಗೆ ಕೆಳಗೆ, ಪುಸ್ತಕದ ಒಳಗೆ, ಚೀಲದ ಜೇಬಿನಲ್ಲಿ ಕೈ ಹಾಕಿ ನೋಡಿ. ಹಿರಿಯರು ಮನೆಪತ್ರ, ಬ್ಯಾಂಕಿನ ರಸೀದಿ, ದುಡ್ಡು ಎಲ್ಲೆಲ್ಲೋ ಇಟ್ಟಿರುತ್ತಾರೆ. ತಮ್ಮ ಹೇಳಿದ ಹಾಗೆ ಒಂದೇ ಲಾರಿಯಲ್ಲಿ ತುಂಬಿ ಕಳಿಸಿದರೆ ಅದೂ ಹೋಗುತ್ತೆ.

ಬೀರುವಿನಲ್ಲಿ ಇರುವುದನ್ನು ಅಲ್ಲೇ ಕೂತು ವಿಂಗಡಿಸಬೇಕು ಅಂತ ಯಾರು ಹೇಳಿದರು? ಮಾರಾಟಕ್ಕೆ ಮನೆ ಖಾಲಿ ಆದರೆ ಸಾಕು, ನಿಮ್ಮ ಮನಸ್ಸೂ ಅದೇ ದಿನ ಖಾಲಿ ಆಗಬೇಕಿಲ್ಲ. ಎಷ್ಟು ಪೆಟ್ಟಿಗೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ, ನಾಲ್ಕೋ ಐದೋ, ಅಷ್ಟರಲ್ಲಿ ಹಿಡಿಯುವಷ್ಟನ್ನು ಮಡಚಿ ತುಂಬಿ ನಿಮ್ಮ ಮನೆಗೆ ತಂದುಬಿಡಿ, ಯಾವಾಗ ಬಿಚ್ಚಬೇಕು ಅನ್ನೋದು ನಿಮ್ಮಿಷ್ಟ. ತುಂಬುವಾಗ ಜೊತೆಗೆ ಗೆಳತಿಯೊಬ್ಬರು ಇರಲಿ, ತಮ್ಮ ಬೇಡ.

ಈಗ ಗೋಡೆ. ಒದ್ದೆ ಗೋಡೆಗೆ ಪೇಂಟ್ ಹೊಡೆದರೆ ನೀರು ಎಲ್ಲಿಗೂ ಹೋಗುವುದಿಲ್ಲ, ಪೇಂಟಿನ ಹಿಂದೆ ಕೂತಿರುತ್ತೆ. ಸ್ವಲ್ಪ ದಿನಕ್ಕೆ ಗುಳ್ಳೆ ಏಳುತ್ತೆ, ಬಿಳಿ ಪುಡಿ ಉದುರುತ್ತೆ. ಆ ಪುಡಿ ಗೋಡೆಯೊಳಗಿನ ಉಪ್ಪು, ನೀರಿನ ಜೊತೆ ಹೊರಗೆ ಬರುವಂಥದ್ದು. ಮನೆ ನೋಡಲು ಬರುವವರೂ ದಡ್ಡರಲ್ಲ. ಇಡೀ ಮನೆ ಹಳೇ ಬಣ್ಣ, ಒಂದೇ ಗೋಡೆ ಹೊಸದು ಅಂದರೆ ಮೊದಲು ತಟ್ಟಿ ನೋಡುವುದು ಅದನ್ನೇ ಅಲ್ವಾ? ಗೊತ್ತಿದ್ದ ದೋಷವನ್ನು ಮುಚ್ಚಿಟ್ಟು ಮಾರಿದರೆ ಆಮೇಲೆ ಕೊಂಡವರು ಕೋರ್ಟಿಗೆ ಹೋಗಬಹುದು. ಇದು ತಮ್ಮನಿಗೆ ಚೆನ್ನಾಗಿ ಅರ್ಥವಾಗುವ ಮಾತು, ಇದನ್ನೇ ಹೇಳಿ.

ನೀರು ಎಲ್ಲಿಂದ ಅಂತ ಪತ್ತೆ ಮಾಡಿ. ಒದ್ದೆ ನೆಲದಿಂದ ಮೇಲಕ್ಕೆ ಮೊಣಕಾಲು, ಸೊಂಟದ ಮಟ್ಟದವರೆಗೆ ಇದ್ದರೆ ಬಹುಶಃ ಮಣ್ಣಿನ ತೇವ. ಸೂರಿನ ಹತ್ತಿರ ಇದ್ದರೆ ತಾರಸಿ ನೋಡಬೇಕು. ನಡುವಲ್ಲಿ ಕಲೆ, ಆ ಕಡೆ ಬಚ್ಚಲು ಅಂದರೆ ಪೈಪಿನ ಮೇಲೆ ಅನುಮಾನ. ನೀರಿನ ಮೀಟರ್ ಇದ್ದರೆ ನಲ್ಲಿ ಎಲ್ಲ ಬಂದ್ ಮಾಡಿ ಸ್ವಲ್ಪ ಹೊತ್ತು ಅದನ್ನೇ ನೋಡಿ. ಆಗಲೂ ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ರಿಪೇರಿ ಆದಮೇಲೂ ಗೋಡೆ ಒಣಗಲು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಬೇಕು. ಆಮೇಲೆ ಪೇಂಟ್. ರಿಪೇರಿ ಖರ್ಚು ಕೈಗೆ ಮೀರಿದರೆ ಮಾಡಿಸಲೇಬೇಡಿ, ಎಷ್ಟಾಗುತ್ತೆ ಅಂತ ಬರೆಸಿಕೊಂಡು ಅದನ್ನು ಕೊಳ್ಳುವವರಿಗೇ ತೋರಿಸಿ, ಬೆಲೆಯಲ್ಲಿ ಅಷ್ಟು ಬಿಡಿ. ಇದರಲ್ಲಿ ನಾಚಿಕೆ ಏನಿಲ್ಲ.

ಮುಚ್ಚಿದ ಮನೆಗೆ ಒಂದು ವಾಸನೆ ಬರುತ್ತೆ. ಅದು ಒದ್ದೆ ಗೋಡೆಯದು ಮಾತ್ರ ಅಲ್ಲ. ಸಿಂಕಿನ ಕೆಳಗೆ, ಬಚ್ಚಲಿನ ಜಾಲರಿ ಕೆಳಗೆ ಪೈಪು ಬಾಗಿದ ಕಡೆ ಸ್ವಲ್ಪ ನೀರು ನಿಂತು ಚರಂಡಿ ಗಾಳಿಯನ್ನು ತಡೆಯುತ್ತೆ. ಮನೆ ಬಳಸದಿದ್ದರೆ ಆ ನೀರು ಆರಿಹೋಗುತ್ತೆ, ಗಾಳಿ ನೇರ ಒಳಗೆ ಬರುತ್ತೆ. ಹೋದಾಗಲೆಲ್ಲ ಎಲ್ಲ ಕಡೆ ಒಂದೊಂದು ಚೊಂಬು ನೀರು ಸುರಿಯಿರಿ, ಬಹಳ ದಿನ ಬರಲಾಗದಿದ್ದರೆ ಮೇಲೆ ಒಂದು ಚಮಚ ಎಣ್ಣೆ ಬಿಡಿ, ಬೇಗ ಆರುವುದಿಲ್ಲ. ನಲ್ಲಿಗಳನ್ನೂ ನಾಲ್ಕಾರು ನಿಮಿಷ ಬಿಟ್ಟುಬಿಡಿ, ನಿಂತ ನೀರು ಹೋಗಲಿ. ಆಫ್ ಮಾಡಿದ ಫ್ರಿಜ್ ಬಾಗಿಲು ತೆರೆದಿಡಿ, ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತೆ. ವಾಸನೆ ಹೋಯಿತಾ ಅಂತ ನೀವೇ ನೋಡಬೇಡಿ, ನಮ್ಮ ಮನೆ ವಾಸನೆ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಹೊರಗಿನವರನ್ನು ಕರೆದು ಕೇಳಿ.

ಮನೆಗೆ ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ. ಇಷ್ಟು ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ ಪರಿಹಾರ ಇಲ್ಲ ಅನ್ನೋ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತೆ, ಕೆಲವದರಲ್ಲಿ ಬರೀ 30 ಅಥವಾ 60 ದಿನ. ನಿಮ್ಮದು ಒಂದೂವರೆ ವರ್ಷ!

ಹೊಸ ಅಡುಗೆಮನೆ, ಹೊಸ ಟೈಲ್ಸ್ ಅಂತ ದುಡ್ಡು ಸುರಿಯಬೇಡಿ. ಬರುವವರು ತಮ್ಮ ರುಚಿಗೆ ಕಿತ್ತು ಹಾಕಿಸುತ್ತಾರೆ. ತೊಟ್ಟಿಕ್ಕುವ ನಲ್ಲಿ, ಅಂಟಿಕೊಳ್ಳುವ ಬಾಗಿಲು, ಉರಿಯದ ಬಲ್ಬ್, ಧೂಳು ಹಿಡಿದ ಕಿಟಕಿ ಗಾಜು, ಇಷ್ಟು ಸಾಕು. ಮಾರುವ ತನಕ ಕರೆಂಟ್ ಕನೆಕ್ಷನ್ ಇರಲಿ. ಕತ್ತಲ ಮನೆಯನ್ನು ಮೊಬೈಲ್ ಟಾರ್ಚಿನಲ್ಲಿ ತೋರಿಸಿದರೆ ಯಾರು ಕೊಳ್ಳುತ್ತಾರೆ? ಚೆನ್ನಾಗಿರುವ ಮಂಚ, ಮೇಜು, ಎರಡು ಕುರ್ಚಿ ಇದ್ದರೆ ಅಲ್ಲೇ ಬಿಡಿ. ಪೂರ್ತಿ ಬರಿದಾದ ಕೋಣೆ ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತೆ, ಅಳತೆ ಸಿಗುವುದಿಲ್ಲ. ಫೋಟೋ ತೆಗೆಯುವುದು ಹಗಲಲ್ಲಿ, ಕಿಟಕಿ ತೆರೆದು.

ತಮ್ಮನಿಗೆ ಫೋನ್ ಮಾಡಿ 'ಗೋಡೆ, ಪ್ಲಂಬರ್, ವಿಮೆ ನೀನು ನೋಡ್ಕೋ, ಅಮ್ಮನ ಬೀರು ನನ್ನದು' ಅಂತ ಹೇಳಿ. ಜೊತೆಗೆ ಒಂದು ತಾರೀಖು ಕೊಡಿ. ಅವನಿಗೆ ಸಿಟ್ಟು ಬರುತ್ತಿರುವುದು ನಿಮ್ಮ ಕಣ್ಣೀರಿಗಲ್ಲ ಅನಿಸುತ್ತೆ, ಇದು ಯಾವಾಗ ಮುಗಿಯುತ್ತೆ ಅಂತ ಗೊತ್ತಾಗದೆ. ಆ ತಾರೀಖಿಗೂ ಬೀರು ಹಾಗೇ ಇದ್ದರೆ ಅವನೇ ಪೆಟ್ಟಿಗೆಗೆ ತುಂಬಿ ನಿಮಗೆ ಕಳಿಸಲಿ, ಗುಜರಿಗಲ್ಲ. ಇದನ್ನು ಇಬ್ಬರೂ ಈಗಲೇ ಒಪ್ಪಿಕೊಳ್ಳಿ. ಗೋಡೆ ಒಣಗುವಷ್ಟರಲ್ಲಿ ಮನೆಪತ್ರ ವಕೀಲರಿಗೆ ತೋರಿಸಿ, ಯಾರ್ಯಾರು ಸಹಿ ಹಾಕಬೇಕು ಅಂತ ಕೇಳಿಕೊಳ್ಳಿ. ಬ್ರೋಕರ್ ಆಮೇಲೆ.