ಗೊತ್ತಿರುವ ತಂತಿ

ತಮ್ಮಾ, ಜಕ್ಕೂರಿನಲ್ಲಿ ಹಾರಾಟ ಕಲಿತವನು ನೀನು. ಈಗ ಆಸ್ಟ್ರೇಲಿಯಾದ ಮೋರಿ (Moree) ಎಂಬ ಊರಿಗೆ ಬಂದು ಹತ್ತಿ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸಬೇಕೆಂದಿದ್ದೀಯ. ಬಾಡಿಗೆ, ಅಕ್ಕಿ, ಒಂಟಿತನ ಹೇಗೆ ಎಂದು ಕೇಳಿದ್ದೀಯ. ಮನೆ ಸಿಗುತ್ತದೆ, ಅಕ್ಕಿಯೂ ಸಿಗುತ್ತದೆ. ಸಾರಿನ ಪುಡಿ ಊರಿನಿಂದಲೇ ತಾ. ಸಿಡ್ನಿ ಕಾರಿನಲ್ಲಿ ಏಳು ಗಂಟೆಯ ದಾರಿ, ಒಂಟಿತನ ಇದ್ದೇ ಇದೆ. ಆದರೆ ಕರೆಂಟ್ ತಂತಿಯ ಬಗ್ಗೆ ನೀನು ಕೇಳಲೇ ಇಲ್ಲ. ನನಗೆ ಚಿಂತೆ ಅದರದ್ದೇ.

ಬೆಳೆಯಿಂದ ಮೂರು ಮೀಟರ್ ಎತ್ತರದಲ್ಲಿ, ಗಂಟೆಗೆ 200 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಹೋಗುವವನಿಗೆ ತಂತಿ ಕಾಣುವುದೇ ಕಷ್ಟ. ಇಲ್ಲಿ ಒಂಟಿ ಮನೆಗಳಿಗೆ ಕರೆಂಟ್ ಹೋಗುವುದು ಒಂದೇ ತಂತಿಯಲ್ಲಿ; ಮರಳುವ ದಾರಿ ಭೂಮಿ. ತಂತಿ ಸಪೂರ, ಕಂಬದಿಂದ ಕಂಬಕ್ಕೆ ನೂರಾರು ಮೀಟರ್. ಆದ್ದರಿಂದ ತಂತಿಯನ್ನಲ್ಲ, ಕಂಬವನ್ನು ಹುಡುಕು. ಮರಗಳ ಸಾಲಿನಲ್ಲಿ ಅಡಗಿದ ಕಂಬವೂ ಇರುತ್ತದೆ. ಪಂಪಿನ ಶೆಡ್ ಕಂಡರೆ ಅದಕ್ಕೆ ಕರೆಂಟ್ ಯಾವ ಕಡೆಯಿಂದ ಬಂದಿದೆ ಎಂದು ನೋಡದೆ ಕೆಳಗಿಳಿಯಬೇಡ. ರೈತ ಕೊಟ್ಟ ನಕ್ಷೆ ಇದ್ದರೂ ಮೇಲಿನಿಂದ ಒಂದು ಸುತ್ತು ಹಾಕಿಯೇ ಇಳಿ.

ಇಷ್ಟೆಲ್ಲ ನೋಡಿದವನೂ ತಂತಿಗೆ ತಗಲುತ್ತಾನೆ. ಇಲ್ಲಿನ ಸಾರಿಗೆ ಸುರಕ್ಷತಾ ಸಂಸ್ಥೆಯ ಅಧ್ಯಯನದ ಪ್ರಕಾರ, ತಂತಿಗೆ ಬಡಿದ ಪೈಲಟ್‌ಗಳಲ್ಲಿ ಶೇ. 63ರಷ್ಟು ಮಂದಿಗೆ ಆ ತಂತಿ ಎಲ್ಲಿದೆಯೆಂದು ಮೊದಲೇ ಗೊತ್ತಿತ್ತು. ಅವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಬೆಳಿಗ್ಗೆ ಅದೇ ತಂತಿಯನ್ನು ಎಷ್ಟೋ ಸಲ ದಾಟಿದ್ದೆ. ಹೊಲ ಮುಗಿದು, ಅಂಚು ಉಳಿದಿತ್ತು. ಅಂಚಿಗೆ ಅಡ್ಡ ಹಾಯುವ ಆ ಕೊನೆಯ ಸುತ್ತಿನಲ್ಲಿ ದಿಕ್ಕು ಬದಲಾಗುತ್ತದೆ, ತಂತಿಯೂ ಬೇರೆ ಕಡೆಯಿಂದ ಎದುರಾಗುತ್ತದೆ. ನನ್ನ ಮನಸ್ಸು ಆಗಲೇ ಮುಂದಿನ ಹೊಲದಲ್ಲಿತ್ತು. ಗಾಜಿನ ಮುಂದಿನ ಕತ್ತರಿ ಅಲಗು ತಂತಿಯನ್ನು ತುಂಡರಿಸಿತು. ಇಳಿದ ಮೇಲೆ ಗಂಟೆಗಟ್ಟಲೆ ನನ್ನ ಕೈ ನಡುಗುತ್ತಿತ್ತು. ಆ ಅಲಗನ್ನು ನಂಬಿ ಹಾರಬೇಡ, ಅದು ಎಲ್ಲ ತಂತಿಯನ್ನೂ ಕತ್ತರಿಸುವುದಿಲ್ಲ.

ಅಂದಿನಿಂದ ಕೊನೆಯ ಸುತ್ತಿಗೆ ಮುನ್ನ ಮೇಲೇರಿ, ತಂತಿಗಳನ್ನು ಹೊಸದಾಗಿ ಎಣಿಸಿ, ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಎರಡು ನಿಮಿಷ ಹೋಗುತ್ತದೆ. ಮಾಲೀಕ ಅವಸರಪಡಿಸಿದರೂ ಆ ಎರಡು ನಿಮಿಷ ಬಿಟ್ಟುಕೊಡಬೇಡ.

ಬಂದ ಮೊದಲ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ. ಊಟವಾದ ಮೇಲೆ ಕಾರಿನಲ್ಲಿ ಆ ಹೊಲಕ್ಕೆ ಹೋಗಿ ಕಂಬ ತೋರಿಸುತ್ತೇನೆ.