ಅಪ್ಪ-ಅಮ್ಮನ ವೈದ್ಯಕೀಯ ವರದಿಗಳನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು ಸರಿಯೇ?

ಹಾಕಬಹುದು. ಆದರೆ ಮಾವಂದಿರು, ಚಿಕ್ಕಮ್ಮಂದಿರು, ಅವರ ಅಳಿಯಂದಿರು ಎಲ್ಲರೂ ಇರುವ ದೊಡ್ಡ ಗುಂಪಿನಲ್ಲಿ ಖಂಡಿತ ಬೇಡ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಪ್ಪಯ್ಯ, ಆಯಿಯ ಜೊತೆಗಿರುವವನು ನಾನು. ಅಣ್ಣ ಬೆಂಗಳೂರಿನಲ್ಲಿ, ತಂಗಿ ಪುಣೆಯಲ್ಲಿ. ನಾವು ಐದೇ ಜನರ ಗುಂಪು ಮಾಡಿಕೊಂಡಿದ್ದೇವೆ. ಅಪ್ಪಯ್ಯನನ್ನು ಸೇರಿಸಿದ್ದು ಬೇಕೆಂದೇ. ತನ್ನ ಸಕ್ಕರೆಯ ಲೆಕ್ಕ ತನಗಿಂತ ಮೊದಲು ನೆಂಟರಿಗೆ ಗೊತ್ತಾದರೆ ಯಾರಿಗೆ ಹಿತ? ಏನನ್ನು ಹಂಚಬೇಕು ಎಂದು ಹೇಳುವ ಹಕ್ಕು ಕಾಯಿಲೆಯವರದೇ.

ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವರದಿಯಲ್ಲ, ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯ ಫೋಟೊ. ಔಷಧದ ಅಂಗಡಿಯಲ್ಲಿ ಒಂದು ಕಂಪನಿಯದ್ದು ಮುಗಿದಿದ್ದರೆ ಇನ್ನೊಂದರದ್ದನ್ನು ಕೊಡುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧ ಒಂದೇ. ಮನೆಯಲ್ಲಿ ಹಳೆಯದೂ ಉಳಿದಿದ್ದರೆ ವಯಸ್ಸಾದವರು ಎರಡನ್ನೂ ನುಂಗುವ ಸಾಧ್ಯತೆಯಿದೆ. ಬಿಪಿಯ ಮಾತ್ರೆಯಾದರೆ ಒತ್ತಡ ಇಳಿದು ತಲೆ ತಿರುಗುತ್ತದೆ. ಹಾಗಾಗಿ ಕಂಪನಿ ಇಟ್ಟ ಹೆಸರನ್ನು ಬಿಟ್ಟು, ಒಳಗಿನ ಔಷಧದ ಹೆಸರಿರುವ ‘ಟೆಲ್ಮಿಸಾರ್ಟನ್ 40 ಮಿ.ಗ್ರಾಂ.’ ಎಂಬಂಥ ಸಾಲನ್ನು ಹೋಲಿಸಿ ನೋಡಿ. ಫೋಟೊ ತೆಗೆಯುವುದು ಸ್ಟ್ರಿಪ್ ಕತ್ತರಿಸುವ ಮೊದಲೇ ಆಗಲಿ, ಆಮೇಲೆ ಹೆಸರಿನ ಬಾಲವಷ್ಟೇ ಉಳಿದಿರುತ್ತದೆ.

ದೂರದಲ್ಲಿರುವವರಿಗೆ ಆತಂಕ ಜಾಸ್ತಿ, ಸಲಹೆ ಇನ್ನೂ ಜಾಸ್ತಿ. ಮದುವೆಮನೆಯ ಹೋಳಿಗೆ ಉಂಡ ಮರುದಿನದ ಸಕ್ಕರೆಯ ಅಂಕಿ ನೋಡಿ ಅಣ್ಣ ಮಾತ್ರೆ ಬದಲಿಸಲು ಹೊರಡುತ್ತಾನೆ. ಎಚ್‌ಬಿಎ1ಸಿ ನೋಡು, ಅದು ಹೆಚ್ಚುಕಡಿಮೆ 3 ತಿಂಗಳ ಸಕ್ಕರೆಯ ಸರಾಸರಿ ಎಂದು ತಂಗಿ ಸಮಾಧಾನ ಮಾಡುತ್ತಾಳೆ. ಚರ್ಚೆ ಎಲ್ಲರೂ ಮಾಡಲಿ, ವೈದ್ಯರೊಂದಿಗೆ ಮಾತಾಡುವವರು ಮಾತ್ರ ಒಬ್ಬರೇ ಇರಲಿ.

ಫಾರ್ವರ್ಡ್ ಸಂದೇಶಗಳಿಗೆ ನಮ್ಮ ಗುಂಪಿನಲ್ಲಿ ಜಾಗವಿಲ್ಲ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಎಂಬ ಸುದ್ದಿ ಬಂದರೆ ಸಾಕು, ಎಲ್ಲಿಂದಲೋ ಕಷಾಯದ ಪಾಠಗಳು ಶುರುವಾಗುತ್ತವೆ. ಅದು ಉಣುಗು ಕಚ್ಚಿ ಬರುವ ವೈರಸ್ ಕಾಯಿಲೆ. ಚಳಿಗಾಲದಿಂದ ಮಳೆ ಹಿಡಿಯುವವರೆಗಿನ ಅವಧಿಯಲ್ಲಿ ದರಕು (ಉದುರಿದ ಒಣ ಎಲೆ) ತರಲು ಬೆಟ್ಟಕ್ಕೆ ಹೋಗಿಬಂದವರಿಗೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನು ಮಳೆಗಾಲ. ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲೇ ನೆಟ್‌ವರ್ಕೂ ಹೋಗುತ್ತದೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಆಗಿಬಾರದ ಔಷಧಗಳು, ಹಿಂದಿನ ಶಸ್ತ್ರಚಿಕಿತ್ಸೆಗಳು, ಇಷ್ಟನ್ನು ಒಂದು ಕಾಗದದಲ್ಲಿ ಬರೆದಿಡಿ. ರಾತ್ರಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಾಗಿ ಬಂದರೆ ಅಲ್ಲಿನ ವೈದ್ಯರು ಇವನ್ನು ಕೇಳಿಯೇ ಕೇಳುತ್ತಾರೆ.