ತಂದ ಆಟಗಾರ, ಬೆಳೆಸಿದ ಆಟಗಾರ: ಚಿತ್ರದುರ್ಗದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಒಕ್ಲಹೋಮಾ ಸಿಟಿ ಥಂಡರ್ ತಂಡವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಎಳೆಯರನ್ನು ಬೆಳೆಸುತ್ತಿದ್ದೇವೆ ಎಂಬುದು ಸೋಲುವ ತಂಡಗಳು ಅಭಿಮಾನಿಗಳಿಗೆ ಹೇಳುವ ನೆಪ. ಗೆಲ್ಲಬೇಕೆಂಬ ಮನಸ್ಸುಳ್ಳ ತಂಡ ತನ್ನ ಎಳೆಯರನ್ನೂ ಮುಂದಿನ ವರ್ಷಗಳ ಡ್ರಾಫ್ಟ್ ಹಕ್ಕುಗಳನ್ನೂ, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳನ್ನೂ, ಕೊಟ್ಟು ಬಲಿತ ಆಟಗಾರನನ್ನು ತರುತ್ತದೆ. ಒಕ್ಲಹೋಮಾ 2025ರಲ್ಲಿ ಗೆದ್ದ ಪ್ರಶಸ್ತಿ ಒಂದು ಒಳ್ಳೆಯ ಟ್ರೇಡಿನ, ಅಂದರೆ ಆಟಗಾರರ ವಿನಿಮಯದ, ಫಲವೇ ಹೊರತು ಬೆಳೆಸಿದ್ದರ ಫಲವಲ್ಲ ಎಂಬುದು ತಮ್ಮ ವಾದ. ಪತ್ರದ ಕೊನೆಯಲ್ಲಿ ತಮ್ಮ ಕಾಲೇಜಿನ ವಿಷಯವಿದೆ. ದಾವಣಗೆರೆ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಗಾಗಿ ಹೊರಗಿನ ಮೂವರು ಸಿದ್ಧ ಆಟಗಾರರಿಗೆ ಶುಲ್ಕ ವಿನಾಯಿತಿ ಕೊಟ್ಟು ಸೇರಿಸಿಕೊಳ್ಳುವ ಆಲೋಚನೆ ನಡೆದಿದೆ ಎಂದೂ, ತಾವು ಅದರ ಪರವಾಗಿದ್ದೀರಿ ಎಂದೂ ಬರೆದು ನಮ್ಮ ಅಭಿಪ್ರಾಯ ಕೇಳಿದ್ದೀರಿ.

ಐಪಿಎಲ್ ಹರಾಜಿಗೆ ಒಗ್ಗಿಕೊಂಡ ಓದುಗರಿಗೆ ಇಲ್ಲೊಂದು ವಿವರಣೆ ಬೇಕಾದೀತು. ಎನ್‌ಬಿಎಯಲ್ಲಿ ಆಟಗಾರನನ್ನು ಮುಖ್ಯವಾಗಿ ಹಣ ಕೊಟ್ಟು ಕೊಳ್ಳುವುದಿಲ್ಲ. ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ಪಡೆಯುತ್ತಾರೆ. ಸಂಬಳದ ಮಿತಿಯ ನಿಯಮಗಳಿಂದಾಗಿ ಎರಡೂ ಕಡೆಯ ಸಂಬಳಗಳು ಬಹುಮಟ್ಟಿಗೆ ಹೊಂದಬೇಕಾಗುತ್ತದೆ, ಹೊಂದದ ಮೌಲ್ಯವನ್ನು ಮುಂದಿನ ವರ್ಷಗಳಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಹಕ್ಕುಗಳಿಂದ ತುಂಬುತ್ತಾರೆ. ತನ್ನನ್ನು ಕಳಿಸಕೂಡದು ಎನ್ನುವ ಅಧಿಕಾರ ಒಪ್ಪಂದದಲ್ಲಿರುವ ಆಟಗಾರರು ಬಹಳ ವಿರಳ.

ತಮ್ಮ ವಾದದಲ್ಲಿ ಬಲವಿದೆ, ಅದನ್ನು ಮೊದಲೇ ಒಪ್ಪುತ್ತೇನೆ. ಟೊರೊಂಟೊ ತಂಡ ಒಂಬತ್ತು ಋತು ತನಗಾಗಿ ಆಡಿದ ಡಿಮಾರ್ ಡಿರೋಜನ್ ಅವರನ್ನು 2018ರಲ್ಲಿ ಕೊಟ್ಟು ಕವಾಯ್ ಲೆನರ್ಡ್ ಅವರನ್ನು ತಂದಿತು, ಮರುವರ್ಷವೇ ಪ್ರಶಸ್ತಿ ಗೆದ್ದಿತು. ಲಾಸ್ ಏಂಜಲಿಸ್ ಲೇಕರ್ಸ್ 2019ರಲ್ಲಿ ಬ್ರ್ಯಾಂಡನ್ ಇಂಗ್ರಾಮ್, ಲೋಂಜೊ ಬಾಲ್, ಜಾಶ್ ಹಾರ್ಟ್ ಎಂಬ ಮೂವರು ಎಳೆಯರನ್ನೂ ಡ್ರಾಫ್ಟ್ ಹಕ್ಕುಗಳನ್ನೂ ಕೊಟ್ಟು ಆಂಟನಿ ಡೇವಿಸ್ ಅವರನ್ನು ಪಡೆದು 2020ರಲ್ಲಿ ಗೆದ್ದಿತು. ಈ ಎರಡನ್ನೂ ತಪ್ಪೆನ್ನಲು ನನ್ನಲ್ಲಿ ಕಾರಣವಿಲ್ಲ. ಆದರೆ ಒಕ್ಲಹೋಮಾದ ಬಗ್ಗೆ ತಾವು ಹೇಳಿದ್ದನ್ನು ಒಪ್ಪಲಾರೆ, ಏಕೆಂದರೆ ಟ್ರೇಡಿನ ದಿನ ಕೈಗೆ ಬಂದದ್ದನ್ನೂ ಆರು ವರ್ಷಗಳ ನಂತರ ಕೈಯಲ್ಲಿದ್ದುದನ್ನೂ ತಾವು ಒಂದೇ ಎಂದು ಎಣಿಸಿದ್ದೀರಿ.

2019ರ ಜುಲೈಯಲ್ಲಿ ಒಕ್ಲಹೋಮಾ ತನ್ನ ತಾರಾ ಆಟಗಾರ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ಗೆ ಕೊಟ್ಟು ಪಡೆದದ್ದು ಶೇ ಗಿಲ್ಜಸ್-ಅಲೆಕ್ಸಾಂಡರ್, ಡನಿಲೊ ಗಲ್ಲಿನಾರಿ, ಡ್ರಾಫ್ಟಿನ ಐದು ಮೊದಲ ಸುತ್ತಿನ ಆಯ್ಕೆಗಳು ಮತ್ತು ಎರಡು ವರ್ಷ ಆಯ್ಕೆಯ ಸ್ಥಾನ ಬದಲಿಸಿಕೊಳ್ಳುವ ಹಕ್ಕು. ಶೇ ಅವರಿಗೆ ಆಗ ಇಪ್ಪತ್ತೊಂದು ವರ್ಷ ತುಂಬುವುದರಲ್ಲಿತ್ತು. 2018ರ ಡ್ರಾಫ್ಟಿನಲ್ಲಿ ಹನ್ನೊಂದನೆಯವರಾಗಿ ಷಾರ್ಲಟ್ ತಂಡಕ್ಕೆ ಆಯ್ಕೆಯಾಗಿ, ಅದೇ ರಾತ್ರಿ ಕ್ಲಿಪ್ಪರ್ಸ್‌ಗೆ ಹೋಗಿ, ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 10.8 ಅಂಕ ಗಳಿಸಿದ್ದ ಹುಡುಗ ಅವರು. ಒಕ್ಲಹೋಮಾಕ್ಕೆ ಬಂದದ್ದು ಆ ಹುಡುಗನೇ. 2024-25ರಲ್ಲಿ ಸರಾಸರಿ 32.7 ಅಂಕಗಳೊಂದಿಗೆ ಲೀಗಿನಲ್ಲೇ ಮೊದಲಿಗರಾಗಿ, ಋತುವಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನೂ ಅಂತಿಮ ಸರಣಿಯ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನೂ ಪಡೆದವರು ಯಾವ ಟ್ರೇಡಿನಲ್ಲೂ ಬಂದವರಲ್ಲ. ಐದು ಆಯ್ಕೆಗಳ ಕತೆಯೂ ಹೀಗೆಯೇ. ಅವುಗಳಲ್ಲೊಂದು 2022ರಲ್ಲಿ ಹನ್ನೆರಡನೆಯ ಸ್ಥಾನಕ್ಕೆ ಬಿದ್ದು, ಸ್ಯಾಂಟಾ ಕ್ಲಾರಾ ಎಂಬ ಸಣ್ಣ ಹೆಸರಿನ ವಿಶ್ವವಿದ್ಯಾಲಯದಿಂದ ಬಂದ ಜೇಲನ್ ವಿಲಿಯಮ್ಸ್ ಅವರಾಯಿತು. ಆ ಹುಡುಗ 2025ರ ಅಂತಿಮ ಸರಣಿಯ ಐದನೆಯ ಪಂದ್ಯದಲ್ಲಿ 40 ಅಂಕ ಹೊಡೆದರು.

ನಡುವೆ ನಡೆದದ್ದೇನು ಎಂಬುದೇ ನಮ್ಮ ಲೇಖನದ ವಿಷಯವಾಗಿತ್ತು. ಶೇ ಅವರ ಆಟವನ್ನು ತಾವು ಗಮನಿಸಿ ನೋಡಿರುತ್ತೀರಿ. ರಿಂಗಿನ ಕಡೆಗೆ ನುಗ್ಗುವಾಗ ಅವರು ಎಲ್ಲರಿಗಿಂತ ವೇಗವಾಗಿ ಓಡುವುದಿಲ್ಲ; ಓಡುತ್ತ ಓಡುತ್ತ ತಟ್ಟನೆ ವೇಗ ಇಳಿಸುತ್ತಾರೆ, ತಡೆಯುವವನ ಭಾರ ಹಿಮ್ಮಡಿಗೆ ಬೀಳುವವರೆಗೆ ಅರೆಕ್ಷಣ ಕಾಯುತ್ತಾರೆ, ಅವನು ಸಾವರಿಸಿಕೊಳ್ಳುವುದರೊಳಗೆ ಎದ್ದು ಹೊಡೆಯುತ್ತಾರೆ. ಆ ಅರೆಕ್ಷಣದ ಕಾಯುವಿಕೆ ತರಬೇತಿಯಲ್ಲಿ ಕೋನುಗಳನ್ನು ಸುತ್ತಿ ಬಂದರೆ ಬರುವಂಥದಲ್ಲ. ನಿಜವಾದ ಪಂದ್ಯದಲ್ಲಿ, ನಿಜವಾದ ಎದುರಾಳಿಯ ಮುಂದೆ, ಹಲವು ಸಲ ಚೆಂಡು ಕಳೆದುಕೊಂಡು, ಆದರೂ ಮರುಸಲ ಚೆಂಡು ತನ್ನ ಕೈಗೇ ಬರುತ್ತದೆಂಬ ಭರವಸೆಯಿದ್ದಾಗ ಮಾತ್ರ ಅದು ಮೈಗೂಡುತ್ತದೆ. ಪ್ರಶಸ್ತಿಯ ಬೆನ್ನು ಹತ್ತಿದ್ದ ಕ್ಲಿಪ್ಪರ್ಸ್, ಇಬ್ಬರು ತಾರೆಯರನ್ನು ಇಟ್ಟುಕೊಂಡು, ಆ ಭರವಸೆಯನ್ನು ಅವರಿಗೆ ಕೊಡುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಆ ತಂಡ 2021ರಲ್ಲಿ ಅಂತಿಮ ಸರಣಿಗೆ ಮುಂಚಿನ ಸುತ್ತಾದ ಕಾನ್ಫರೆನ್ಸ್ ಫೈನಲ್‌ವರೆಗೆ ಹೋಯಿತು, ಅದರಿಂದಾಚೆಗೆ ಹೋಗಲಿಲ್ಲ. 2024ರಲ್ಲಿ ಜಾರ್ಜ್ ಒಪ್ಪಂದ ಮುಗಿಸಿ ಫಿಲಡೆಲ್ಫಿಯಾಕ್ಕೆ ಹೊರಟಾಗ ಬದಲಿಗೆ ಯಾರೂ ಸಿಗಲಿಲ್ಲ.

ಅಭಿಮಾನಿಯ ನೋವಿನ ಬಗ್ಗೆ ತಾವು ಬರೆದ ಸಾಲುಗಳನ್ನು ಮಾತ್ರ ನಾನು ಎರಡು ಸಲ ಓದಿದೆ. 2021ರ ಡಿಸೆಂಬರ್ 2ರಂದು ಒಕ್ಲಹೋಮಾ ಮೆಂಫಿಸ್ ಎದುರು 152-79ರಿಂದ, ಅಂದರೆ 73 ಅಂಕಗಳಿಂದ, ಸೋತಿತು. ಲೀಗಿನ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಸೋಲಿರಲಿಲ್ಲ. ನಸುಕಿನಲ್ಲಿ ಎದ್ದು ಪಂದ್ಯ ನೋಡುವ ನಮ್ಮಂಥವರಿಗೆ ಅದು ಹೇಗಿತ್ತೆಂದು ಹೇಳಬೇಕಾಗಿಲ್ಲ. ಕೆಳಗಿನ ತಂಡಗಳಿಗೆ ಡ್ರಾಫ್ಟಿನಲ್ಲಿ ಮುಂಚಿನ ಸರದಿ ಸಿಗುವ ಸಂಭವ ಹೆಚ್ಚೆಂದು ಬೇಕೆಂದೇ ಸೋತು ಮುಂದಿನ ಆಯ್ಕೆಗೆ ಕಾಯುವ ತಂಡದ ಮೇಲೆ ತಮಗಿರುವ ಸಿಟ್ಟು ನನಗೂ ಇದೆ. ಲೀಗ್ ಕೂಡ 2019ರಲ್ಲಿ ಕೊನೆಯ ಮೂರು ತಂಡಗಳಿಗೆ ಮೊದಲ ಆಯ್ಕೆಯ ಅವಕಾಶವನ್ನು ಸಮವಾಗಿ ಶೇಕಡಾ 14ಕ್ಕೆ ಇಳಿಸಿ ಆ ಆಸೆಗೆ ಸ್ವಲ್ಪ ಕಡಿವಾಣ ಹಾಕಿತು.

ಆದರೆ ಸೋಲುವುದು ಬೇರೆ, ಬೆಳೆಸುವುದು ಬೇರೆ. ಫಿಲಡೆಲ್ಫಿಯಾ 2015-16ರಲ್ಲಿ 82 ಪಂದ್ಯಗಳಲ್ಲಿ 10 ಮಾತ್ರ ಗೆದ್ದು, ಎಳೆಯರನ್ನು ಕೂಡಿಹಾಕಿ ಕಾಯ್ದ ತಂಡ. 2017ರಲ್ಲಿ ಅದು ತನ್ನ ಮೂರನೆಯ ಆಯ್ಕೆಯ ಜೊತೆಗೆ ಇನ್ನೊಂದು ಮೊದಲ ಸುತ್ತಿನ ಆಯ್ಕೆಯನ್ನೂ ಬಾಸ್ಟನ್‌ಗೆ ಕೊಟ್ಟು ಮೊದಲ ಸ್ಥಾನ ಪಡೆದು ಮಾರ್ಕೆಲ್ ಫುಲ್ಟ್ಸ್ ಅವರನ್ನು ಆರಿಸಿತು. ಭುಜದ ತೊಂದರೆಯಿಂದ ಆ ಹುಡುಗನ ಹೊಡೆತದ ರೀತಿಯೇ ಕೆಟ್ಟಿತು, 2019ರ ಫೆಬ್ರವರಿಯಲ್ಲಿ ಅವರನ್ನು ಒರ್ಲಾಂಡೊಗೆ ಕಳಿಸಲಾಯಿತು. ಮೂರನೆಯ ಸ್ಥಾನಕ್ಕೆ ಇಳಿದ ಬಾಸ್ಟನ್ ಆರಿಸಿದ್ದು ಜೇಸನ್ ಟೇಟಮ್ ಅವರನ್ನು. ಅವರ ಮೊದಲ ಋತುವಿನಿಂದಲೇ ಸುತ್ತಲೂ ಗೆಲ್ಲುವುದನ್ನು ಬಲ್ಲ ಹಿರಿಯರಿದ್ದರು, 2024ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಿತು.

ಇಲ್ಲಿಯೇ ತಮ್ಮ ವಾದ ಅರ್ಧ ಸರಿಯಾಗುತ್ತದೆ. ಬಲಿತ ಆಟಗಾರರು ಬೇಕೇ ಬೇಕು. ಎಳೆಯರ ಜಾಗಕ್ಕೆ ಅಲ್ಲ, ಅವರ ಪಕ್ಕಕ್ಕೆ. ಒಕ್ಲಹೋಮಾದಲ್ಲಿ ಶೇ ಅವರ ಮೊದಲ ಋತುವಿನಲ್ಲಿ ಜೊತೆಗಿದ್ದವರು ಮೂವತ್ನಾಲ್ಕರ ಕ್ರಿಸ್ ಪಾಲ್. ಆ ವರ್ಷ ತಂಡ 44 ಪಂದ್ಯ ಗೆದ್ದಿತು, ಹುಡುಗನ ಸರಾಸರಿ 19ಕ್ಕೇರಿತು. ಡೆಟ್ರಾಯ್ಟ್‌ನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 2023-24ರಲ್ಲಿ ಸತತ 28 ಪಂದ್ಯ ಸೋತು, ಒಟ್ಟು 14 ಮಾತ್ರ ಗೆದ್ದ ಆ ತಂಡ ತನ್ನ ಎಳೆಯ ನಾಯಕ ಕೇಡ್ ಕನಿಂಗ್‌ಹ್ಯಾಮ್ ಅವರನ್ನು ಮಾರಲಿಲ್ಲ. ಕೋಚನ್ನು ಬದಲಿಸಿ, ಟೊಬಾಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಎಂಬ ಅನುಭವಿಗಳನ್ನು ಅವರ ಸುತ್ತ ನಿಲ್ಲಿಸಿತು. ಮರುವರ್ಷ 44 ಗೆಲುವು ಬಂದವು. ಒಕ್ಲಹೋಮಾ ಕೂಡ 2024ರಲ್ಲಿ ತಾನೇ ಆರಿಸಿದ್ದ ಜಾಶ್ ಗಿಡ್ಡಿ ಅವರನ್ನು ಕೊಟ್ಟು ಮೂವತ್ತರ ಅಲೆಕ್ಸ್ ಕರೂಸೊ ಅವರನ್ನು ತಂದಿತೆಂಬುದನ್ನು ತಾವು ಸರಿಯಾಗಿಯೇ ನೆನಪಿಸಿದ್ದೀರಿ. ಅದು ನನ್ನ ಮಾತಿಗೂ ಹೊಂದುತ್ತದೆ: ಚೆಂಡಿಲ್ಲದೆ ಆಡಿ, ಎದುರಾಳಿಯನ್ನು ತಡೆದು, ಉಳಿದ ಎಳೆಯರ ಆಟಕ್ಕೆ ಜಾಗ ಮಾಡಿಕೊಡುವ ಹಿರಿಯನೊಬ್ಬ ಅವರಿಗೆ ಬೇಕಾಗಿತ್ತು.

ಡಲ್ಲಾಸ್ 2025ರ ಫೆಬ್ರವರಿಯಲ್ಲಿ ಲೂಕಾ ಡಾನ್ಚಿಚ್ ಅವರನ್ನು ಲೇಕರ್ಸ್‌ಗೆ ಕೊಟ್ಟದ್ದು, ಬೆಳೆಸಿದವನೂ ಉಳಿಯುವುದಿಲ್ಲ ಎಂಬುದಕ್ಕೆ ಸಾಕ್ಷಿ ಎಂದಿದ್ದೀರಿ. ಇಪ್ಪತ್ತೈದರ, ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ಗೆ ಒಯ್ದ ಆಟಗಾರನನ್ನು ಕೊಟ್ಟ ವ್ಯವಸ್ಥಾಪಕರನ್ನು ಅದೇ ನವೆಂಬರಿನಲ್ಲಿ ತಂಡ ಕೆಲಸದಿಂದ ತೆಗೆಯಿತು. ಅದನ್ನು ನಿಯಮವೆಂದು ನಾನು ಎಣಿಸಲಾರೆ.

ನಮ್ಮ ಊರಿನವರಿಗೆ ಇದನ್ನು ಹೇಳಲು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ದಾವಣಗೆರೆಯ ವಿನಯ್ ಕುಮಾರ್ ಅವರು ಐಪಿಎಲ್‌ನಲ್ಲಿ ಬೆಂಗಳೂರು, ಕೊಚ್ಚಿ, ಮತ್ತೆ ಬೆಂಗಳೂರು, ಕೋಲ್ಕತ್ತ, ಮುಂಬೈ, ಮತ್ತೆ ಕೋಲ್ಕತ್ತ ಎಂದು ತಂಡ ಬದಲಿಸಿದ್ದನ್ನು ಇಲ್ಲಿ ಎಲ್ಲರೂ ಹಿಂಬಾಲಿಸಿ ನೋಡಿದ್ದಾರೆ. ಆದರೆ ಅವರನ್ನು ಬೌಲರ್ ಆಗಿ ಮಾಡಿದ್ದು ಯಾವ ಹರಾಜೂ ಅಲ್ಲ, ಕರ್ನಾಟಕದ ಪರ ರಣಜಿಯಲ್ಲಿ ವರ್ಷಗಟ್ಟಲೆ ಹಾಕಿದ ಓವರುಗಳು. 2013-14 ಮತ್ತು 2014-15ರಲ್ಲಿ ಅವರ ನಾಯಕತ್ವದಲ್ಲಿ ರಾಜ್ಯ ಸತತ ಎರಡು ಸಲ ರಣಜಿ ಗೆದ್ದಿತು. ಅದೇ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪಂಜಾಬಿನ ಹಳ್ಳಿಯೊಂದರ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ 52ನೆಯ ಆಯ್ಕೆಯಾಗಿ ತೆಗೆದುಕೊಂಡಾಗ, ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯನೆಂದು ದೇಶವೇ ಸಂಭ್ರಮಿಸಿತು. ಡಲ್ಲಾಸ್‌ನ ಕಿರಿಯ ತಂಡದಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷಗಳ ಆಟ. ಎನ್‌ಬಿಎಯ ಒಂದು ಪಂದ್ಯವನ್ನೂ ಆಡದೆ ಅವರು ಹಿಂದಿರುಗಿದರು.

ಇನ್ನು ತಮ್ಮ ಕಾಲೇಜಿನ ಪ್ರಶ್ನೆ. ಎನ್‌ಬಿಎಯ ತಂಡಕ್ಕೂ ನಮ್ಮ ಕಾಲೇಜು ತಂಡಕ್ಕೂ ಇರುವ ದೊಡ್ಡ ವ್ಯತ್ಯಾಸ ಹಣದ್ದಲ್ಲ, ಪಂದ್ಯಗಳದ್ದು. ಅಲ್ಲಿ ಹತ್ತೊಂಬತ್ತರ ಹುಡುಗನಿಗೆ ಒಂದು ಋತುವಿನಲ್ಲಿ 82 ಪಂದ್ಯಗಳಿವೆ. ಇಂದು ಕೆಟ್ಟದಾಗಿ ಆಡಿದರೆ ನಾಡಿದ್ದು ಸರಿಪಡಿಸಿಕೊಳ್ಳಬಹುದು. ಇಲ್ಲಿ ಎರಡು ಮೂರು ದಿನದ ನಾಕೌಟ್ ಪಂದ್ಯಾವಳಿ. ಮೊದಲ ಪಂದ್ಯ ಸೋತರೆ ಆ ವರ್ಷದ ಆಟವೇ ಮುಗಿಯಿತು. ಇಂಥಲ್ಲಿ ಪ್ರಥಮ ವರ್ಷದ ಹುಡುಗನನ್ನು ಇಳಿಸಲು ಯಾವ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಧೈರ್ಯ ಬರುವುದಿಲ್ಲ, ಅದಕ್ಕಾಗಿ ಅವರನ್ನು ದೂರುವುದೂ ನ್ಯಾಯವಲ್ಲ.

ತಮ್ಮ ಹುಡುಗರಿಗೆ ಗುರಿ ಇಲ್ಲ, ಅವರನ್ನು ತಿದ್ದುವಷ್ಟರಲ್ಲಿ ಪದವಿ ಮುಗಿಯುತ್ತದೆ ಎಂದು ಬರೆದಿದ್ದೀರಿ. ಆ ತೊಂದರೆ ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ನಮ್ಮ ಕಡೆ ಹತ್ತು ಹನ್ನೊಂದರ ಮಗುವಿನ ಕೈಗೂ ದೊಡ್ಡವರ ಏಳನೆಯ ಅಳತೆಯ ಚೆಂಡನ್ನೇ ಕೊಟ್ಟು, 3.05 ಮೀಟರ್ ಎತ್ತರದ ರಿಂಗಿನ ಕೆಳಗೆ ನಿಲ್ಲಿಸುತ್ತಾರೆ. ಚೆಂಡು ಅಷ್ಟೆತ್ತರಕ್ಕೆ ಹೋಗಬೇಕಲ್ಲ, ಆದ್ದರಿಂದ ಮಗು ಅದನ್ನು ಸೊಂಟದವರೆಗೆ ಇಳಿಸಿ, ಎರಡೂ ಕೈಯಿಂದ, ಮೈಯನ್ನೆಲ್ಲ ತಿರುಚಿ ಎಸೆಯುತ್ತದೆ. ಮೊಣಕೈ ಹೊರಕ್ಕೆ ಹೋಗುತ್ತದೆ, ಮಣಿಕಟ್ಟು ಮಡಚುವುದೇ ಇಲ್ಲ. ಹದಿನೆಂಟಕ್ಕೆ ಬಂದು ತೋಳಿಗೆ ಬಲ ಬಂದ ಮೇಲೂ ಮೈ ಆ ಹಳೆಯ ದಾರಿಯನ್ನು ಬಿಡುವುದಿಲ್ಲ. ಅಂತರರಾಷ್ಟ್ರೀಯ ಒಕ್ಕೂಟದ ಮಕ್ಕಳ ಬ್ಯಾಸ್ಕೆಟ್‌ಬಾಲ್ ನಿಯಮದಲ್ಲಿ ಐದನೆಯ ಅಳತೆಯ ಚೆಂಡು, 2.60 ಮೀಟರ್ ಎತ್ತರದ ರಿಂಗ್ ಇರುವುದು ಈ ಕಾರಣಕ್ಕಾಗಿಯೇ. ತಮ್ಮ ಕಾಲೇಜಿನ ಅಂಕಣದ ಒಂದು ಬದಿಗೆ ಅಂಥದೊಂದು ತಗ್ಗು ರಿಂಗ್ ಹಾಕಿಸಿ, ಸಂಜೆ ಸುತ್ತಲಿನ ಶಾಲೆಗಳ ಮಕ್ಕಳಿಗೆ ತೆರೆದಿಟ್ಟರೆ, ಏಳೆಂಟು ವರ್ಷಗಳ ನಂತರ ಹೊರಗಿನಿಂದ ಆಟಗಾರರನ್ನು ಕರೆತರುವ ಮಾತೇ ಏಳದೆ ಹೋಗಬಹುದು.

ಅಲ್ಲಿಯವರೆಗೆ ಆ ಮೂವರನ್ನು ಕರೆತನ್ನಿ, ನಾನು ಬೇಡವೆನ್ನುವುದಿಲ್ಲ. ಅವರೂ ಎಲ್ಲೋ ಯಾರೋ ಬೆಳೆಸಿದ ಮಕ್ಕಳು, ಶುಲ್ಕ ವಿನಾಯಿತಿಯಿಂದ ಅವರಿಗೂ ಓದು ಸಿಗುತ್ತದೆ. ಆದರೆ ಅವರು ಬಂದ ಮೇಲೆ ತಮ್ಮ ಪ್ರಥಮ ವರ್ಷದ ಹುಡುಗರು ಚೆಂಡು ಎತ್ತಿಕೊಡುವವರಾಗಿ ಉಳಿಯಬಾರದು. ಪಂದ್ಯಾವಳಿಗೆ ಮುಂಚಿನ ತಿಂಗಳುಗಳಲ್ಲಿ ದಾವಣಗೆರೆ, ಹಿರಿಯೂರು, ಚಳ್ಳಕೆರೆಯ ತಂಡಗಳೊಂದಿಗೆ ಸೌಹಾರ್ದ ಪಂದ್ಯಗಳನ್ನು ಏರ್ಪಡಿಸಿ. ನಾಲ್ಕು ಹತ್ತು ನಿಮಿಷಗಳ ಆಟದಲ್ಲಿ ಎರಡನೆಯ ಹತ್ತು ನಿಮಿಷವನ್ನು ಪೂರ್ತಿಯಾಗಿ, ಅಂಕ ಎಷ್ಟೇ ಹಿಂದೆ ಬೀಳಲಿ, ಮೂವರು ಎಳೆಯರಿಗೂ ಇಬ್ಬರು ಬಲಿತವರಿಗೂ ಬಿಟ್ಟುಕೊಡಿ. ಚೆಂಡನ್ನು ಮುಂದೊಯ್ಯುವ ಹೊಣೆ ಎಳೆಯನದ್ದೇ ಆಗಿರಲಿ. ಸ್ಕೋರ್‌ಶೀಟಿನಲ್ಲಿ ಅಂಕ, ಫೌಲುಗಳು ದಾಖಲಾಗುತ್ತವೆ, ಯಾರು ಎಷ್ಟು ನಿಮಿಷ ಆಡಿದರೆಂಬುದು ದಾಖಲಾಗುವುದಿಲ್ಲ. ಅದಕ್ಕಾಗಿ ಬೆಂಚಿನಲ್ಲಿ ಒಬ್ಬರ ಕೈಗೆ ಗಡಿಯಾರವನ್ನೂ ಪುಸ್ತಕವನ್ನೂ ಕೊಡಿ. ಆ ಪುಸ್ತಕವನ್ನು ವರ್ಷದ ಕೊನೆಗೆ ನಮಗೆ ಕಳಿಸಿದರೆ, ಟ್ರೋಫಿ ಬಂದಿರಲಿ ಬಿಡಲಿ, ಅದರಲ್ಲಿರುವ ಅಂಕಿಗಳನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡುತ್ತೇವೆ.

— ಸಂಪಾದಕ, ದಾವಣಗೆರೆ